ಬಾಲ್ಟಿಮೋರ್: ಮೀನು ಕಟ್ಟಿದ ಊರು

ಕಳೆದ ಸಂಚಿಕೆಯಲ್ಲಿ ಐರ್ಲೆಂಡಿನ ನೈಋತ್ಯ ಮೂಲೆಯಲ್ಲಿರುವ ಬಾಲ್ಟಿಮೋರ್ ಎಂಬ ಬಂದರು ಹಳ್ಳಿಯ ಒಂದು ಫೋಟೊ ಅಚ್ಚಾಗಿತ್ತು. ಕೆಳಗೆ ಇದ್ದದ್ದು ಎರಡೇ ಸಾಲು: ಕಾರ್ಕ್ ಕೌಂಟಿಯ ಪಶ್ಚಿಮ ಕರಾವಳಿಯ ಪುಟ್ಟ ಊರು, 1631ರಲ್ಲಿ ಉತ್ತರ ಆಫ್ರಿಕಾದ ಆಲ್ಜಿಯರ್ಸ್‌ನ ಕಡಲ್ಗಳ್ಳರು ಇಲ್ಲಿನ ಜನರನ್ನು ಗುಲಾಮರನ್ನಾಗಿ ಹೊತ್ತೊಯ್ದರು ಎಂದು. ಅಷ್ಟಕ್ಕೇ ರಾಶಿ ಪತ್ರ ಬಂದಿವೆ. ಮುಕ್ಕಾಲು ಪಾಲು ಕಡಲ್ಗಳ್ಳರದೇ ವಿಚಾರ, ಮೀನಿನ ಬಗ್ಗೆ ಕೇಳಿದವರು ಇಬ್ಬರು ಮೂವರು. ನಮ್ಮ ಮಟ್ಟಿಗೆ ಊರಿನ ಕಥೆ ಇರುವುದೇ ಮೀನಿನಲ್ಲಿ. ಹಾಗಾಗಿ ಅವರ ಪಾಲಿಗೆ ಉದ್ದದ ಉತ್ತರಗಳು ಬಂದಿವೆ, ಉಳಿದವರು ಬೇಸರಿಸಬಾರದು.

ಪ್ರಶ್ನೆ: ಒಂದೇ ರಾತ್ರಿಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಹಡಗಿಗೆ ತುಂಬಿಕೊಂಡು ಹೋಗುವುದು ಹೇಗೆ ಸಾಧ್ಯವಾಯಿತು? ಕಾವಲು ಇರಲಿಲ್ಲವೇ? (ಮಂಗಳೂರಿನಿಂದ)

ಉತ್ತರ: ಕಾವಲು ಇತ್ತು, ಆದರೆ ಅದು ಪೂರ್ವದ ಕಿನ್ಸೇಲ್ ಬಂದರಿನಲ್ಲಿತ್ತು. ದಾಳಿಯ ನಾಯಕ ಮುರಾದ್ ರೈಸ್ ಹುಟ್ಟಿನಿಂದ ಡಚ್ಚರವನು, ಹಾರ್ಲೆಮ್ ಊರಿನ ಯಾನ್ ಯಾನ್ಸ್‌ಜೂನ್. ತಾನೇ ಕಡಲ್ಗಳ್ಳರ ಕೈಗೆ ಸಿಕ್ಕಿ, ಮತ ಬದಲಿಸಿ, ಕೊನೆಗೆ ಅವರದೇ ಕಪ್ತಾನನಾದವನು. 1627ರಲ್ಲಿ ಐಸ್‌ಲೆಂಡ್‌ವರೆಗೂ ಹೋಗಿ ಜನರನ್ನು ಹಿಡಿದು ತಂದಿದ್ದ. 1631ರ ಜೂನ್‌ನಲ್ಲಿ ಎರಡು ಹಡಗುಗಳೊಡನೆ ಐರ್ಲೆಂಡಿನ ದಕ್ಷಿಣ ತೀರಕ್ಕೆ ಬಂದಾಗ ಡಂಗಾರ್ವನ್ ಊರಿನ ಮೀನುಗಾರರ ದೋಣಿಗಳನ್ನು ಹಿಡಿದ. ಅದರಲ್ಲಿದ್ದ ಜಾನ್ ಹ್ಯಾಕೆಟ್ ಎಂಬಾತ, ಕಿನ್ಸೇಲ್‌ನಲ್ಲಿ ಕೋಟೆಯಿದೆ, ನೌಕಾಪಡೆಯ ಹಡಗಿದೆ, ಅಲ್ಲಿ ಬೇಡ ಎಂದು ಹೇಳಿ ಬಾಲ್ಟಿಮೋರ್‌ನ ದಾರಿ ತೋರಿಸಿದ.

ಮಧ್ಯರಾತ್ರಿ ಕಳೆದು ಎರಡು ಗಂಟೆಯ ಹೊತ್ತಿಗೆ, ಜೂನ್ 20ರಂದು (ಈಗಿನ ಕ್ಯಾಲೆಂಡರಿನ ಲೆಕ್ಕಕ್ಕೆ ಜೂನ್ 30), ಇನ್ನೂರಕ್ಕೂ ಹೆಚ್ಚು ಜನ ಹುಟ್ಟುಗಳ ಸದ್ದು ಕೇಳದಂತೆ ದಡಕ್ಕೆ ಬಂದರು. ಇಳಿದದ್ದು ಬಂದರಿನ ಮುಂದೆ ಅಲ್ಲ, ಊರಿನಿಂದ ಸ್ವಲ್ಪ ಆಚೆಗಿರುವ ಕೋವ್ ಎಂಬ ಸಣ್ಣ ಕೊಲ್ಲಿಯಲ್ಲಿ. ಅಲ್ಲಿ ಇಪ್ಪತ್ತಾರು ಮನೆ, ಎಲ್ಲ ಹುಲ್ಲಿನ ಛಾವಣಿ. ಬಾಗಿಲಿಗೆ ಕಬ್ಬಿಣದ ಸಲಾಕೆ, ಛಾವಣಿಗೆ ಕೊಳ್ಳಿ. ನಿದ್ದೆಗಣ್ಣಲ್ಲಿ ಹೊರಬಂದವರನ್ನು ಹಾಗೇ ಹಿಡಿದು ದೋಣಿಗೆ ಹಾಕಿದರು. ಎದುರಿಸಿದ ಇಬ್ಬರು ಸತ್ತರು. ಅಲ್ಲಿಂದ ಮುಖ್ಯ ಊರಿನತ್ತ ಹೊರಟಾಗ ವಿಲಿಯಂ ಹ್ಯಾರಿಸ್ ಎಂಬಾತ ಬಂದೂಕು ಹಾರಿಸಿದ, ಇನ್ನೊಬ್ಬ ಡೋಲು ಬಡಿಯತೊಡಗಿದ. ಸೈನ್ಯ ಬಂತೆಂದು ಭಾವಿಸಿ ದಾಳಿಕೋರರು ಹಿಂದಿರುಗಿದರು. ಸೆರೆ ಸಿಕ್ಕವರು ಸುಮಾರು 107 ಎಂದು ಲೆಕ್ಕ. ಅದರಲ್ಲಿ ಹೆಂಗಸರು ಮತ್ತು ಮಕ್ಕಳೇ ಹೆಚ್ಚು.

ಸುದ್ದಿ ಮುಟ್ಟಿದ ಮೇಲೂ ಬೆನ್ನಟ್ಟಲು ಆಗಲಿಲ್ಲ. ಕಾವಲು ಹಡಗಿನಲ್ಲಿ ಆಹಾರ ಸಾಮಗ್ರಿಯೇ ಇರಲಿಲ್ಲ. ಆಮೇಲೆ ಅಧಿಕಾರಿಗಳು ಒಬ್ಬರ ಮೇಲೊಬ್ಬರು ದೂರು ಬರೆದ ಪತ್ರಗಳು ಮಾತ್ರ ಬೇಕಾದಷ್ಟಿವೆ. ಹ್ಯಾಕೆಟ್‌ನನ್ನು ಗಲ್ಲಿಗೇರಿಸಿದರು. ಆಲ್ಜಿಯರ್ಸ್‌ನ ಸಂತೆಯಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಮಾಡಿ ಮಾರಿದ್ದನ್ನು ಪಿಯೆರ್ ಡಾನ್ ಎಂಬ ಫ್ರೆಂಚ್ ಪಾದ್ರಿ ಬರೆದಿಟ್ಟಿದ್ದಾನೆ. 1646ರಲ್ಲಿ ಇಂಗ್ಲೆಂಡಿನಿಂದ ಹಣ ತೆತ್ತು ಸೆರೆಯಾಳುಗಳನ್ನು ಬಿಡಿಸಿದಾಗ ಬಾಲ್ಟಿಮೋರ್‌ನವರೆಂದು ಪಟ್ಟಿಯಲ್ಲಿ ಸಿಕ್ಕವರು ಇಬ್ಬರು ಹೆಂಗಸರು. ಹದಿನೈದು ವರ್ಷದ ಹೊತ್ತಿಗೆ ಎಷ್ಟೋ ಮಂದಿ ಸತ್ತಿದ್ದರು, ಚಿಕ್ಕವರು ಅಲ್ಲಿಯವರೇ ಆಗಿಹೋಗಿದ್ದರು.

ಜಮೀನಿನ ವ್ಯಾಜ್ಯದಲ್ಲಿದ್ದ ಸ್ಥಳೀಯ ಸಿರಿವಂತರೇ ದಾಳಿ ಮಾಡಿಸಿದರು ಎಂಬ ವಾದವನ್ನು ಇಬ್ಬರು ಓದುಗರು ಪ್ರಸ್ತಾಪಿಸಿದ್ದಾರೆ. ವ್ಯಾಜ್ಯ ನಿಜ, ಲಾಭ ಅವರಿಗೇ ಆಯಿತೆಂಬುದೂ ನಿಜ. ಇವೆರಡನ್ನು ಜೋಡಿಸುವ ಕಾಗದ ಸಿಕ್ಕಿಲ್ಲ.

ಪ್ರಶ್ನೆ: ಸೆರೆಯಾದವರು ಐರಿಷರಲ್ಲ, ಇಂಗ್ಲಿಷರು ಎಂದು ಓದಿದ್ದೇನೆ. ಅಷ್ಟು ದೂರದ ಮೂಲೆಯಲ್ಲಿ ಅವರಿಗೇನು ಕೆಲಸ? (ಕುಂದಾಪುರದಿಂದ)

ಉತ್ತರ: ನೀವು ಓದಿದ್ದು ಸರಿ, ಹೆಚ್ಚಿನವರು ಇಂಗ್ಲಿಷರೇ. ಕೆಲಸ ಪಿಲ್ಚರ್ಡ್ ಮೀನಿನದು. ನಮ್ಮ ಬೂತಾಯಿಯ ದೂರದ ದಾಯಾದಿ, ಜಾತಿ ಬೇರೆ, ಎಣ್ಣೆ ಮಾತ್ರ ಅಷ್ಟೇ. 1600ರ ನಂತರದ ವರ್ಷಗಳಲ್ಲಿ ಥಾಮಸ್ ಕ್ರೂಕ್ ಎಂಬಾತ ಊರಿನ ಒಡೆಯ ಫಿನೀನ್ ಓ ಡ್ರಿಸ್ಕಾಲ್‌ನಿಂದ ಜಾಗವನ್ನು ಗೇಣಿಗೆ ಹಿಡಿದು, ಇಂಗ್ಲೆಂಡಿನ ನೈಋತ್ಯ ಕರಾವಳಿಯಿಂದ ಪ್ರಾಟೆಸ್ಟೆಂಟ್ ಕುಟುಂಬಗಳನ್ನು ತಂದು ಕೂರಿಸಿದ. ಆ ಕಡೆಯವರಿಗೆ ಈ ಮೀನಿನ ಕಸುಬು ರಕ್ತದಲ್ಲೇ ಇತ್ತು. 1613ರ ಹೊತ್ತಿಗೆ ಊರು ಎಷ್ಟು ಬೆಳೆದಿತ್ತೆಂದರೆ ಡಬ್ಲಿನ್ ಸಂಸತ್ತಿಗೆ ಇಬ್ಬರು ಸದಸ್ಯರನ್ನು ಕಳಿಸುವ ಹಕ್ಕು ಸಿಕ್ಕಿತು.

ಕೆಲಸದ ಬಗೆ ಹೀಗೆ. ಬೇಸಿಗೆಯ ಕೊನೆಯಿಂದ ಮೀನಿನ ಹಿಂಡು ದಡಕ್ಕೆ ಹತ್ತಿರ ಬರುತ್ತದೆ. ಗುಡ್ಡದ ನೆತ್ತಿಯಲ್ಲಿ ಒಬ್ಬ ನೋಟಗಾರ ಕೂತಿರುತ್ತಾನೆ. ನೀರಿನ ಮೇಲೆ ನೇರಳೆ ಮಿಶ್ರಿತ ಕಪ್ಪು ನೆರಳು, ಮೇಲೆ ಕಡಲಹಕ್ಕಿಗಳ ಗುಂಪು ಕಂಡರೆ ಕೈಯಲ್ಲಿ ಸೊಪ್ಪಿನ ಗೊಂಚಲು ಹಿಡಿದು ಎಡಕ್ಕೆ ಬಲಕ್ಕೆ ಬೀಸಿ ಕೆಳಗಿನ ದೋಣಿಗಳಿಗೆ ದಿಕ್ಕು ತೋರಿಸುತ್ತಾನೆ. ದೊಡ್ಡ ದೋಣಿ ಬಲೆಯನ್ನು ಬಿಡುತ್ತ ಹಿಂಡನ್ನು ಸುತ್ತುತ್ತದೆ, ಚಿಕ್ಕ ದೋಣಿ ಬಲೆಯ ಇನ್ನೊಂದು ತುದಿ ಹಿಡಿದುಕೊಳ್ಳುತ್ತದೆ. ರಂಪಣಿ ನೋಡಿದವರಿಗೆ ಹೆಚ್ಚು ವಿವರಣೆ ಬೇಕಾಗದು.

ಹಿಡಿಯುವುದಕ್ಕಿಂತ ಕಷ್ಟದ ಕೆಲಸ ಆಮೇಲಿನದು. ದಡದಲ್ಲಿ ಫಿಶ್ ಪ್ಯಾಲೆಸ್ ಎಂದು ಕರೆಯುತ್ತಿದ್ದ ಕಲ್ಲುಗೋಡೆಯ ಶೆಡ್ಡುಗಳಿದ್ದವು. ಅದರ ನೆಲ ಇಳಿಜಾರು, ನಡುವೆ ಚರಂಡಿ, ಚರಂಡಿಯ ಕೊನೆಗೆ ಗುಂಡಿ. ಒಂದು ಪದರ ಉಪ್ಪು, ಒಂದು ಪದರ ಮೀನು, ಹೀಗೆ ಎದೆಮಟ್ಟದ ಗೋಡೆಯಂತೆ ಒಟ್ಟಿ ಮೂರು ನಾಲ್ಕು ವಾರ ಬಿಡುತ್ತಿದ್ದರು. ಇಳಿದ ಉಪ್ಪುನೀರು ಮತ್ತು ಎಣ್ಣೆ ಗುಂಡಿಗೆ ಸೇರುತ್ತಿತ್ತು. ನಂತರ ಮೀನನ್ನು ತೊಳೆದು ಪೀಪಾಯಿಯೊಳಗೆ ಬಾಲ ನಡುವಿಗೆ, ತಲೆ ಹೊರಕ್ಕೆ ಬರುವಂತೆ ಸುತ್ತಲೂ ಜೋಡಿಸಿ, ಪೀಪಾಯಿಯ ಬಾಯಿಗಿಂತ ಸ್ವಲ್ಪ ಕಿರಿದಾದ ಮರದ ಮುಚ್ಚಳ ಇಡುತ್ತಿದ್ದರು. ಗೋಡೆಯಲ್ಲಿ ಸೊಂಟದೆತ್ತರಕ್ಕೆ ಸಾಲಾಗಿ ಚೌಕದ ತೂತುಗಳಿರುತ್ತಿದ್ದವು. ಉದ್ದದ ತೊಲೆಯೊಂದರ ತುದಿಯನ್ನು ಆ ತೂತಿಗೆ ಸಿಕ್ಕಿಸಿ, ನಡುವನ್ನು ಮುಚ್ಚಳದ ಮೇಲೆ ಕೂರಿಸಿ, ಇನ್ನೊಂದು ತುದಿಗೆ ಬಂಡೆಗಲ್ಲು ಕಟ್ಟಿ ತೂಗುಬಿಟ್ಟರೆ ಮುಗಿಯಿತು. ಸನ್ನೆಗೋಲಿನ ಒತ್ತಡಕ್ಕೆ ಮೀನು ಕುಸಿದು ಎಣ್ಣೆ ಹಲಗೆಗಳ ಸಂದಿನಿಂದ ಸುರಿಯುತ್ತಿತ್ತು. ಪೀಪಾಯಿ ಮೂರರಲ್ಲೊಂದು ಪಾಲು ಖಾಲಿಯಾದಾಗ ಮತ್ತೆ ಮೀನು ತುಂಬಿ ಮತ್ತೆ ಒತ್ತುವುದು. ಹೀಗೆ ಎರಡು ಮೂರು ಸಲವಾದರೆ ಒಂದು ದೊಡ್ಡ ಪೀಪಾಯಿಗೆ 2,500ರಿಂದ 3,000 ಮೀನು ಹಿಡಿಯುತ್ತಿತ್ತು.

ಒತ್ತುವುದು ಯಾಕೆ? ಎಣ್ಣೆಗೆ ಬೆಲೆಯಿತ್ತು ನಿಜ, ದೀಪಕ್ಕೂ ಚರ್ಮ ಹದ ಮಾಡುವುದಕ್ಕೂ ಬೇಕಿತ್ತು. ಆದರೆ ಅದಕ್ಕಿಂತ ಮುಖ್ಯವಾಗಿ ಎಣ್ಣೆ ಒಳಗೇ ಉಳಿದರೆ ಗಾಳಿ ತಾಗಿ ಕಮಟುತ್ತದೆ, ಬಿಸಿಲಿನ ದೇಶ ಮುಟ್ಟುವಷ್ಟರಲ್ಲಿ ಸರಕು ಹಳದಿಯಾಗಿ ನಾರುತ್ತದೆ. ಉಪ್ಪು ಕಡಿಮೆಯಾದರೆ ಹೊಟ್ಟೆ ಒಡೆಯುತ್ತದೆ, ಭಾರ ಒಮ್ಮೆಲೇ ಹೆಚ್ಚಾದರೆ ಮೀನು ಪುಡಿಯಾಗುತ್ತದೆ. ಸರಕು ಹೋಗುತ್ತಿದ್ದದ್ದು ಸ್ಪೇನ್, ಇಟಲಿಗಳಿಗೆ. ಅಲ್ಲಿ ಕ್ಯಾಥೊಲಿಕರು ಉಪವಾಸದ ದಿನಗಳಲ್ಲಿ ಮಾಂಸ ಬಿಟ್ಟು ಮೀನು ತಿನ್ನುತ್ತಿದ್ದರು. ಪೋಪ್‌ನ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದ ಕಟ್ಟಾ ಪ್ರಾಟೆಸ್ಟೆಂಟರು ಪೋಪ್‌ನ ವ್ರತದ ಮೇಲೆ ಬದುಕು ಕಟ್ಟಿಕೊಂಡಿದ್ದರು ಎಂಬುದು ಈ ಊರಿನ ಚರಿತ್ರೆಯಲ್ಲಿ ನಮಗೆ ಬಹಳ ಹಿಡಿಸಿದ ಸಂಗತಿ.

ದಾಳಿಯ ನಂತರ ಅಳಿದುಳಿದವರು ಅನೇಕರು ಒಳನಾಡಿನ ಸ್ಕಿಬರೀನ್‌ಗೆ ಸರಿದರು. ಆದರೆ ದಾಳಿಯೊಂದೇ ಊರನ್ನು ಮುಗಿಸಿತು ಎನ್ನಲಾಗದು. ಸುತ್ತಲ ಕರಾವಳಿಯಲ್ಲಿ ಪಿಲ್ಚರ್ಡ್ ವ್ಯಾಪಾರ ಇನ್ನೂ ನೂರು ವರ್ಷ ನಡೆಯಿತು. ಹದಿನೆಂಟನೇ ಶತಮಾನದ ನಡುವಿನ ಹೊತ್ತಿಗೆ ಹಿಂಡುಗಳೇ ಬರುವುದನ್ನು ಬಿಟ್ಟವು. ಈ ಮೀನಿಗೆ ಐರ್ಲೆಂಡ್ ತನ್ನ ವಾಸದ ಉತ್ತರದ ಅಂಚು, ನೀರು ಒಂದಿಷ್ಟು ತಣ್ಣಗಾದರೂ ದಕ್ಷಿಣಕ್ಕೆ ಸರಿದುಬಿಡುತ್ತದೆ. ತೊಲೆ ಸಿಕ್ಕಿಸುತ್ತಿದ್ದ ತೂತುಗಳಿರುವ ಗೋಡೆಗಳು ಪಶ್ಚಿಮ ಕಾರ್ಕ್‌ನಲ್ಲಿ ಇಂದಿಗೂ ಅಲ್ಲಲ್ಲಿ ನಿಂತಿವೆ. ಗೊತ್ತಿಲ್ಲದವರು ಬಂದೂಕಿನ ಕಿಂಡಿ ಎಂದುಕೊಳ್ಳುತ್ತಾರೆ.

ಪ್ರಶ್ನೆ: ಓ ಡ್ರಿಸ್ಕಾಲ್ ಮನೆತನದವರು ಪಾಳೇಗಾರರೋ, ಅವರೂ ಕಡಲ್ಗಳ್ಳರೋ? (ಚಿತ್ರದುರ್ಗದಿಂದ)

ಉತ್ತರ: ಯಾರನ್ನು ಕೇಳುತ್ತೀರಿ ಎನ್ನುವುದರ ಮೇಲೆ. ತಮ್ಮ ನೀರಿನಲ್ಲಿ ಮೀನು ಹಿಡಿಯುವ, ಲಂಗರು ಹಾಕುವ ಪರದೇಶಿ ದೋಣಿಗಳಿಂದ ಸುಂಕ ಎತ್ತುವುದು ಅವರ ದೃಷ್ಟಿಯಲ್ಲಿ ಹಕ್ಕು. ವಾಟರ್‌ಫರ್ಡ್ ಪೇಟೆಯ ವರ್ತಕರ ದೃಷ್ಟಿಯಲ್ಲಿ ದರೋಡೆ. 1537ರ ಫೆಬ್ರವರಿಯಲ್ಲಿ ಲಿಸ್ಬನ್‌ನಿಂದ ವಾಟರ್‌ಫರ್ಡ್‌ಗೆ ದ್ರಾಕ್ಷಾರಸ ತರುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಈ ಕಡೆ ಬಂತು. ಓ ಡ್ರಿಸ್ಕಾಲರು ಅದನ್ನು ಹಿಡಿದು ಸರಕನ್ನು ಹಂಚಿಕೊಂಡರು. ವಾಟರ್‌ಫರ್ಡ್‌ನವರು ಮೊದಲು ಹಡಗನ್ನು ಬಿಡಿಸಿಕೊಂಡರು, ಆಮೇಲೆ ದೊಡ್ಡ ಪಡೆಯೊಡನೆ ಬಂದು ಎದುರಿನ ಶೆರ್ಕಿನ್ ದ್ವೀಪದ ಕೋಟೆಯನ್ನೂ ಫ್ರಾನ್ಸಿಸ್ಕನ್ ಮಠವನ್ನೂ ಊರನ್ನೂ ಸುಟ್ಟರು. ಮಠದ ಪಾಳು ಗೋಡೆ ಶೆರ್ಕಿನ್ ಧಕ್ಕೆಯಿಂದ ಕೆಲವೇ ನಿಮಿಷದ ನಡಿಗೆ.

ಬಾಲ್ಟಿಮೋರ್‌ನ ನಡುವೆ ನಿಂತಿರುವುದು ಅವರದೇ ಡೂನ್ ನಾ ಷೇಡ್ ಕೋಟೆ. ಕೋಟೆ ಎಂದರೆ ನಿಮ್ಮೂರಿನ ಏಳು ಸುತ್ತನ್ನು ಮನಸ್ಸಿಗೆ ತಂದುಕೊಳ್ಳಬೇಡಿ, ಅದೊಂದು ದಪ್ಪ ಗೋಡೆಯ ಎತ್ತರದ ಮನೆ ಅಷ್ಟೇ. ಬಹುಕಾಲ ಛಾವಣಿಯಿಲ್ಲದೆ ಬಿದ್ದಿತ್ತು. ಖಾಸಗಿ ಕುಟುಂಬವೊಂದು 1997ರಿಂದ ವರ್ಷಗಟ್ಟಲೆ ದುಡಿದು ಅದನ್ನು ರಿಪೇರಿ ಮಾಡಿತು. ಪ್ರತಿ ಜೂನ್‌ನಲ್ಲಿ ಪ್ರಪಂಚದ ಬೇರೆ ಬೇರೆ ಕಡೆಯ ಓ ಡ್ರಿಸ್ಕಾಲರು ಇಲ್ಲಿ ಸೇರುತ್ತಾರೆ.

ಪ್ರಶ್ನೆ: ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಹೆಸರು ಬಂದಿದ್ದು ಈ ಹಳ್ಳಿಯಿಂದಲೇ? (ಮೇರಿಲ್ಯಾಂಡ್‌ನಲ್ಲಿರುವ ಕನ್ನಡಿಗರಿಂದ)

ಉತ್ತರ: ಅಲ್ಲ. ನಿಮ್ಮ ನಗರದ ಹೆಸರು ಲಾರ್ಡ್ ಬಾಲ್ಟಿಮೋರ್ ಎಂಬ ಬಿರುದಿನಿಂದ ಬಂದದ್ದು, ಆ ಬಿರುದು ಅಂಟಿಕೊಂಡಿದ್ದು ಐರ್ಲೆಂಡಿನ ನಡುನಾಡಾದ ಲಾಂಗ್‌ಫರ್ಡ್ ಕೌಂಟಿಯ ಜಹಗೀರಿಗೆ. ಸಮುದ್ರ ಅಲ್ಲಿಂದ ಬಹಳ ದೂರ.

ಪ್ರಶ್ನೆ: ಬಂಗುಡೆಯೂ ಅಲ್ಲಿ ದೊಡ್ಡ ವ್ಯಾಪಾರವಾಗಿತ್ತಂತೆ. ಈಗೇಕೆ ಇಲ್ಲ? (ಮಲ್ಪೆಯಿಂದ)

ಉತ್ತರ: 1845ರಿಂದ ಶುರುವಾದ ಆಲೂಗಡ್ಡೆ ಬರ ಈ ಭಾಗವನ್ನು ಹಿಂಡಿಹಾಕಿತು. ಪಕ್ಕದ ಸ್ಕಿಬರೀನ್‌ನ ಅಬೀಸ್ಟ್ರೂರಿ ಸ್ಮಶಾನದ ಸಾಮೂಹಿಕ ಗುಂಡಿಗಳಲ್ಲೇ ಎಂಟು, ಒಂಬತ್ತು ಸಾವಿರ ಜನ ಮಣ್ಣಾಗಿದ್ದಾರೆಂದು ಹೇಳುತ್ತಾರೆ. ಕಡಲಲ್ಲಿ ಮೀನಿದ್ದೂ ಜನ ಹಸಿದರೇ ಎಂದು ಕೇಳುವವರಿಗೆ ಉತ್ತರ ಸರಳ: ಚಿಕ್ಕ ದೋಣಿ ಆ ಅಲೆಗೆ ಸಾಲದು, ದೊಡ್ಡ ದೋಣಿಗೆ ದುಡ್ಡಿಲ್ಲ, ಇದ್ದ ಬಲೆಯನ್ನೂ ಹಿಟ್ಟಿಗಾಗಿ ಒತ್ತೆ ಇಟ್ಟಾಗಿತ್ತು. ಒಂದು ತಲೆಮಾರು ಕಳೆದ ಮೇಲೆ ಚಾರ್ಲ್ಸ್ ಡೇವಿಸ್ ಎಂಬ ಪಾದ್ರಿ ಲಂಡನ್ನಿನ ಸಿರಿವಂತೆ ಬ್ಯಾರನೆಸ್ ಬರ್ಡೆಟ್ ಕೂಟ್ಸ್ ಅವರ ಬೆನ್ನು ಬಿದ್ದು ಮೀನುಗಾರರಿಗೆ ಬಡ್ಡಿಯಿಲ್ಲದ ದೋಣಿ ಸಾಲ ಕೊಡಿಸಿದರು. ಹೆಚ್ಚುಕಡಿಮೆ ಸಾಲ ಪೂರ್ತಿ ಹಿಂದಿರುಗಿತು ಎನ್ನುವುದನ್ನು ನಮ್ಮ ಬ್ಯಾಂಕುಗಳು ಗಮನಿಸಬೇಕು. 1887ರಲ್ಲಿ ಮೀನುಗಾರಿಕೆ ಶಾಲೆ ತೆರೆಯಿತು. ದೋಣಿ ಕಟ್ಟುವುದು, ಬಲೆ ಹೆಣೆಯುವುದು, ಪೀಪಾಯಿ ಮಾಡುವುದು ಅಲ್ಲಿನ ಪಾಠ. 1893ರಲ್ಲಿ ರೈಲೂ ಬಂತು, ಐರ್ಲೆಂಡಿನ ತೀರಾ ದಕ್ಷಿಣದ ನಿಲ್ದಾಣ ಆಗ ಇದೇ ಆಗಿತ್ತು.

ವಸಂತದ ಬಂಗುಡೆ ಐಸ್ ಹಾಕಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಶರತ್ಕಾಲದ ಕೊಬ್ಬಿದ ಬಂಗುಡೆಯನ್ನು ಉಪ್ಪು ಹಾಕಿ ಅಮೆರಿಕಕ್ಕೆ ಕಳಿಸುತ್ತಿದ್ದರು. ನಮ್ಮಲ್ಲಿ ಹೊಟ್ಟೆಯ ಕಡೆಯಿಂದ ಸೀಳುವ ರೂಢಿ, ಅಲ್ಲಿ ಬೆನ್ನಿನ ಕಡೆಯಿಂದ ತಲೆಯಿಂದ ಬಾಲದವರೆಗೆ ಸೀಳಿ ಪುಸ್ತಕದ ಹಾಗೆ ಬಿಡಿಸುತ್ತಿದ್ದರು. ಕರುಳು, ಕಿವಿರು ತೆಗೆದು, ಬೆನ್ನೆಲುಬಿನ ಉದ್ದಕ್ಕೂ ಹೆಪ್ಪುಗಟ್ಟಿದ ರಕ್ತವನ್ನು ಕೆರೆದು, ತೊಟ್ಟಿಯ ಕಡಲನೀರು ತಿಳಿಯಾಗುವವರೆಗೆ ನೀರು ಬದಲಿಸಿ ತೊಳೆಯುವುದು. ಈ ತೊಳೆತದಲ್ಲಿ ಸೋಮಾರಿತನ ಮಾಡಿದರೆ ಮಾಂಸ ಕಪ್ಪಾಗುತ್ತದೆ, ಅಮೆರಿಕದ ದಲ್ಲಾಳಿ ದರ ಇಳಿಸುತ್ತಾನೆ. ಆಮೇಲೆ ಉಪ್ಪು ಹಚ್ಚಿ ಪೀಪಾಯಿಯಲ್ಲಿ ಪದರ ಪದರ ಇಡುವುದು. ಎರಡು ಮೂರು ವಾರದಲ್ಲಿ ಮೀನು ತನ್ನ ನೀರು ಬಿಟ್ಟು ಕುಗ್ಗುತ್ತದೆ. ಆಗ ಹೊರತೆಗೆದು ಮತ್ತೆ ತೂಗಿ, ಒಂದು ಪೀಪಾಯಿಗೆ 200 ಪೌಂಡ್, ಅಂದರೆ ಸುಮಾರು 90 ಕಿಲೊ ತುಂಬಿ, ಮುಚ್ಚಳ ಬಡಿದು, ತೂತಿನಿಂದ ಉಪ್ಪುನೀರನ್ನು ಕಂಠಮಟ್ಟ ಹೊಯ್ಯಬೇಕು. ಮೇಲಿನ ಪದರಕ್ಕೆ ಗಾಳಿ ತಾಗಿದರೆ ಕೊಬ್ಬು ತುಕ್ಕಿನ ಬಣ್ಣಕ್ಕೆ ತಿರುಗಿ ಇಡೀ ಪೀಪಾಯಿ ಹಾಳು.

ಇಷ್ಟು ನಾಜೂಕಿನ ವ್ಯಾಪಾರ ಒಂದೇ ಗಿರಾಕಿಯನ್ನು ನಂಬಿತ್ತು. ಮೊದಲ ಮಹಾಯುದ್ಧದ ನಂತರ ಅಮೆರಿಕ ಆಮದು ಸುಂಕ ಏರಿಸಿತು, ಬೆಲೆ ಕುಸಿಯಿತು, ಊರು ಮತ್ತೆ ಬರಿದಾಯಿತು. ರೈಲು 1961ರಲ್ಲಿ ನಿಂತಿತು. ಮೀನುಗಾರಿಕೆ ಶಾಲೆಯ ಕಥೆಯನ್ನು ಚಂದದ ಭಾಗಕ್ಕೇ ನಿಲ್ಲಿಸಿದರೆ ಅನ್ಯಾಯವಾದೀತು. ನಂತರದ ದಶಕಗಳಲ್ಲಿ ಅದು ಅನಾಥ, ಬಡ ಹುಡುಗರನ್ನು ಕೂಡಿಹಾಕುವ ಜಾಗವಾಗಿತ್ತು. ಅಲ್ಲಿದ್ದವರು ಹಸಿವು, ಚಳಿ, ಹೊಡೆತಗಳ ಬಗ್ಗೆ ಬಹಿರಂಗವಾಗಿ ಹೇಳಿದ್ದಾರೆ. 1950ರಲ್ಲಿ ಅದನ್ನು ಮುಚ್ಚಿದರು.

ಪ್ರಶ್ನೆ: ಆ ಶಾಲೆಯಲ್ಲಿ ಕಟ್ಟಿದ ದೋಣಿ ಭೂಮಿ ಸುತ್ತಿ ಬಂತೆನ್ನುವುದು ನಿಜವೇ? (ಕಾರವಾರದಿಂದ)

ಉತ್ತರ: ನಿಜ. 42 ಅಡಿಯ ಹಾಯಿದೋಣಿ, ಹೆಸರು ಸೀರ್ಷ, 1922ರಲ್ಲಿ ಕಟ್ಟಿದ್ದು. ಮಾಲೀಕ ಕಾನರ್ ಓಬ್ರಿಯನ್ 1923ರ ಜೂನ್‌ನಲ್ಲಿ ಹೊರಟು 1925ರ ಜೂನ್‌ನಲ್ಲಿ ಮರಳಿದ. ಅದನ್ನು ನೋಡಿ ಫಾಕ್‌ಲೆಂಡ್ ದ್ವೀಪದವರು ತಮಗೂ ಅಂಥದ್ದೊಂದು ಬೇಕೆಂದರು. 1926ರಲ್ಲಿ ಇಲ್ಲೇ ಕಟ್ಟಿದ ಐಲೆನ್ ಎಂಬ ದೋಣಿಯನ್ನು ಓಬ್ರಿಯನ್ ಮತ್ತು ಕೇಪ್ ಕ್ಲಿಯರ್ ದ್ವೀಪದ ಇಬ್ಬರು ಅಲ್ಲಿಯವರೆಗೆ ನಡೆಸಿಕೊಂಡು ಹೋಗಿ ಒಪ್ಪಿಸಿದರು. ಅದು ದಶಕಗಟ್ಟಲೆ ಕುರಿ, ಜನ, ಟಪಾಲು ಹೊತ್ತು ಸವೆದು, ಕಡೆಗೆ ಐರ್ಲೆಂಡಿಗೆ ಮರಳಿ, ದುರಸ್ತಿಯಾಗಿ 2018ರಲ್ಲಿ ಮತ್ತೆ ನೀರಿಗಿಳಿಯಿತು. ಆ ಕೆಲಸ ನಡೆದ ಓಲ್ಡ್‌ಕೋರ್ಟ್ ದೋಣಿಕಟ್ಟೆ ಬಾಲ್ಟಿಮೋರ್‌ನಿಂದ ಸ್ಕಿಬರೀನ್‌ಗೆ ಹೋಗುವ ದಾರಿಯಲ್ಲೇ ಇದೆ.

ಪ್ರಶ್ನೆ: 1979ರ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆಯ ದುರಂತಕ್ಕೂ ಈ ಊರಿಗೂ ಏನು ಸಂಬಂಧ? (ಬೆಂಗಳೂರಿನಿಂದ)

ಉತ್ತರ: ಸ್ಪರ್ಧೆ ಆಗ ಇಂಗ್ಲೆಂಡಿನಿಂದ ಹೊರಟು ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿ ಅಲ್ಲಿಗೇ ಹಿಂದಿರುಗುತ್ತಿತ್ತು (2021ರಿಂದ ಫ್ರಾನ್ಸಿನಲ್ಲಿ ಮುಗಿಯುತ್ತದೆ). ಆ ಬಂಡೆಗೆ ಹತ್ತಿರದ ಲೈಫ್‌ಬೋಟ್ ಠಾಣೆ ಬಾಲ್ಟಿಮೋರ್‌ನದು. ಬಂಡೆಯ ಮೇಲಿನ ಲೈಟ್‌ಹೌಸ್ 1904ರದು. ಕಾರ್ನ್‌ವಾಲ್‌ನ ಗ್ರಾನೈಟ್ ಕಲ್ಲುಗಳನ್ನು ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಕಡಿದು ಕೂರಿಸಿ ಕಟ್ಟಿದ್ದಾರೆ. ಒಂದು ಕಲ್ಲನ್ನು ಎಳೆಯಬೇಕಾದರೆ ಪಕ್ಕದ್ದನ್ನೂ ಮೇಲಿನದನ್ನೂ ಎಳೆಯಬೇಕು. ಮೊದಲು 1854ರಲ್ಲಿ ನಿಲ್ಲಿಸಿದ್ದ ಬೀಡುಕಬ್ಬಿಣದ ಗೋಪುರ ಅಲೆಯ ಹೊಡೆತಕ್ಕೆ ಅಲುಗಾಡುತ್ತಿತ್ತು, ಅದಕ್ಕೇ ಈ ಪಾಡು.

1979ರ ಆಗಸ್ಟ್ 13ರ ರಾತ್ರಿ 303 ದೋಣಿಗಳು ಕಡಲಲ್ಲಿದ್ದವು. ಹವಾಮಾನ ಮುನ್ಸೂಚನೆಗಿಂತ ಬಿರುಗಾಳಿ ಬೇಗ ಬಂತು, ಹೇಳಿದ್ದಕ್ಕಿಂತ ಜೋರಾಗಿಯೂ ಬಂತು. ಸತ್ತ ಸ್ಪರ್ಧಿಗಳು 15. ಐದು ದೋಣಿ ಮುಳುಗಿದವು, 24 ದೋಣಿಗಳನ್ನು ಜನ ಬಿಟ್ಟು ಹೋದರು, ಗುರಿ ಮುಟ್ಟಿದವು 86 ಮಾತ್ರ. ಕೆಲವು ದೋಣಿಗಳ ಆಗಿನ ಹೊಸ ಕಾರ್ಬನ್ ಫೈಬರ್ ಚುಕ್ಕಾಣಿಗಳು ಮುರಿದವು. ಇನ್ನು ಕೆಲವರು ದೋಣಿ ಮುಳುಗಿಯೇಬಿಡುತ್ತದೆಂದು ರಬ್ಬರ್ ತೆಪ್ಪಕ್ಕೆ ಹಾರಿ ಸತ್ತರು, ಅವರು ಬಿಟ್ಟ ದೋಣಿ ಮಾರನೇ ದಿನ ತೇಲುತ್ತ ಸಿಕ್ಕಿತು. ತೆಪ್ಪಕ್ಕೆ ಹತ್ತುವುದು ದೋಣಿ ಕಾಲ ಕೆಳಗಿಂದ ಹೋಗುವಾಗ ಮಾತ್ರ ಎಂಬ ಮಾತು ಹಾಯಿದೋಣಿಯವರ ಬಾಯಲ್ಲಿ ಗಟ್ಟಿಯಾದದ್ದು ಆಮೇಲೆ. ಎಲ್ಲ ದೋಣಿಗೂ ರೇಡಿಯೊ ಕಡ್ಡಾಯವಾದದ್ದೂ ಆಮೇಲೆಯೇ.

2011ರ ಸ್ಪರ್ಧೆಯಲ್ಲಿ ರಾಂಬ್ಲರ್ 100 ಎಂಬ ನೂರಡಿಯ ದೋಣಿ ಬಂಡೆ ದಾಟಿದ ಸ್ವಲ್ಪ ಹೊತ್ತಿಗೆ ತಳದ ಕೀಲ್ ಮುರಿದು ಮಗುಚಿತು. ಕೀಲ್ ಎಂದರೆ ದೋಣಿ ನೆಟ್ಟಗೆ ನಿಲ್ಲಲು ತಳದಲ್ಲಿ ಇಳಿಬಿಟ್ಟ ಭಾರದ ರೆಕ್ಕೆ. ಅದು ಹೋದರೆ ಹಾಯಿಯ ಎತ್ತರವೇ ದೋಣಿಯನ್ನು ಉರುಳಿಸುತ್ತದೆ. ಕವುಚಿದ ತಳದ ಮೇಲೆ ಕೂತಿದ್ದ 16 ಮಂದಿಯನ್ನು ಬಾಲ್ಟಿಮೋರ್ ಲೈಫ್‌ಬೋಟ್ ಎತ್ತಿಕೊಂಡಿತು. ಕೊಚ್ಚಿಹೋಗಿದ್ದ ಐವರನ್ನು ಎರಡೂವರೆ ಗಂಟೆಗೂ ಹೆಚ್ಚು ಹೊತ್ತಿನ ನಂತರ ಸ್ಥಳೀಯ ಡೈವಿಂಗ್ ದೋಣಿಯೊಂದು ಹುಡುಕಿ ತಂದಿತು. ಇಪ್ಪತ್ತೊಂದು ಜನರೂ ಬದುಕಿದರು. ಈ ಲೈಫ್‌ಬೋಟಿನವರೆಲ್ಲ ಬಹುಪಾಲು ಸ್ವಯಂಸೇವಕರು, ಅಂಗಡಿ, ಗದ್ದೆ, ದೋಣಿ ಕೆಲಸ ಬಿಟ್ಟು ಓಡಿಬರುವವರು. 1985ರಲ್ಲಿ ಮಿಜೆನ್ ಹೆಡ್ ಬಳಿ ಬಂಡೆಗೆ ಬಡಿದು ದೋಣಿ ಕಳೆದುಕೊಂಡ ಚಾರ್ಲ್ಸ್ ಹಾಹಿ ಅವರನ್ನು ಬಚಾವು ಮಾಡಿದವರೂ ಇವರೇ. ಹಾಹಿ ಆಗ ವಿರೋಧ ಪಕ್ಷದ ನಾಯಕರು, ಮುಂದೆ ಮತ್ತೆ ಪ್ರಧಾನಿಯಾದರು.

ಪ್ರಶ್ನೆ: ಫೋಟೊದಲ್ಲಿ ಗುಡ್ಡದ ತುದಿಯಲ್ಲಿದ್ದ ಬಿಳಿ ಕಂಬ ದೇವಸ್ಥಾನದ್ದೇ? (ದಾವಣಗೆರೆಯಿಂದ)

ಉತ್ತರ: ಅಲ್ಲ, ಹಡಗುಗಳಿಗೆ ಬಂದರಿನ ಬಾಯಿ ತೋರಿಸುವ ಗುರುತು. ಸುಮಾರು 50 ಅಡಿ ಎತ್ತರ, ಒಳಗೆ ದೀಪವಿಲ್ಲ. ಬೈಬಲ್ಲಿನಲ್ಲಿ ಉಪ್ಪಿನ ಕಂಬವಾದ ಲೋಟನ ಹೆಂಡತಿಯ ಹೆಸರಲ್ಲಿ ಊರವರು ಕರೆಯುತ್ತಾರೆ. ಹಳ್ಳಿಯಿಂದ ಎರಡು ಕಿಲೊಮೀಟರ್ ನಡೆದರೆ ಸಿಗುತ್ತದೆ. ಕಾರು ಒಯ್ಯಬೇಡಿ, ರಸ್ತೆ ಒಂದೇ ಗಾಡಿಯ ಅಗಲ, ಕೊನೆಯಲ್ಲಿ ನಾಲ್ಕಾರು ಕಾರಿಗೆ ಮಾತ್ರ ಜಾಗ. ಅಂಚಿಗೆ ಬೇಲಿಯಿಲ್ಲ, ಹುಲ್ಲು ಒದ್ದೆಯಿದ್ದರೆ ಚಪ್ಪಲಿ ಜಾರುತ್ತದೆ. ಸೆಲ್ಫಿಗಾಗಿ ಕಡಲಿಗೆ ಬೆನ್ನು ಹಾಕಿ ಹಿಂದೆ ಹಿಂದೆ ಹೋಗುವವರಿಗೆ ಹೇಳುವುದು ಇಷ್ಟೇ: ಕಂಬದ ಒಳನಾಡಿನ ಬದಿಯಿಂದಲೂ ಫೋಟೊ ಚೆನ್ನಾಗಿ ಬರುತ್ತದೆ.

ಪ್ರಶ್ನೆ: ಹತ್ತಿರದ ಲಾಕ್ ಹೈನ್ ಸರೋವರಕ್ಕೆ ಉಬ್ಬರ ನಾಲ್ಕು ಗಂಟೆ, ಇಳಿತ ಎಂಟು ಗಂಟೆ ಎಂದಿದೆ. ಸಮುದ್ರದಲ್ಲಿ ಎರಡೂ ಆರಾರು ಗಂಟೆ ತಾನೆ? (ಧಾರವಾಡದ ವಿಜ್ಞಾನ ಶಿಕ್ಷಕರಿಂದ)

ಉತ್ತರ: ತರಗತಿಯಲ್ಲಿ ಹೇಳಲು ಒಳ್ಳೆಯ ಉದಾಹರಣೆ. ಇದು ಉಪ್ಪುನೀರಿನ ಸರೋವರ, ಸಮುದ್ರಕ್ಕೆ ಇಕ್ಕಟ್ಟಾದ ಒಂದೇ ಬಾಯಿ. ಆ ಬಾಯಿಯ ತಳದಲ್ಲಿ ಬಂಡೆಯ ಹೊಸ್ತಿಲು ಇದೆ. ಹೊರಗೆ ಸಮುದ್ರ ಏರಿ ಸರೋವರದ ಮಟ್ಟ ದಾಟಿದಾಗ ನೀರು ಒಳಗೆ ನುಗ್ಗುತ್ತದೆ. ಇಳಿತದಲ್ಲಿ ಸಮುದ್ರ ಹೊಸ್ತಿಲಿಗಿಂತ ಕೆಳಕ್ಕೆ ಹೋದರೂ ಸರೋವರದ ನೀರು ಹೊಸ್ತಿಲ ಮೇಲಿನ ತೆಳು ಪದರವಾಗಿಯೇ ಹರಿಯಬೇಕು, ಹಾಗಾಗಿ ನಿಧಾನ. ಹೊರಗೆ ಮತ್ತೆ ಉಬ್ಬರ ಶುರುವಾಗಿದ್ದರೂ ಒಳಗಿನ ಮಟ್ಟ ಇನ್ನೂ ಮೇಲಿರುವುದರಿಂದ ನೀರು ಹೊರಗೇ ಹರಿಯುತ್ತಿರುತ್ತದೆ. ಒಟ್ಟು ಹನ್ನೆರಡೂವರೆ ಗಂಟೆಯ ಚಕ್ರ ಬದಲಾಗುವುದಿಲ್ಲ, ಪಾಲು ಮಾತ್ರ ಬದಲಾಗುತ್ತದೆ. ಹೊರಗೆ ಮೂರು ಮೀಟರ್ ಏರಿಳಿತವಿದ್ದರೆ ಒಳಗೆ ಸುಮಾರು ಒಂದೇ ಮೀಟರ್.

ಸರೋವರದ ಅತಿ ಆಳದ ಭಾಗ 50 ಮೀಟರ್‌ನಷ್ಟಿದೆ. ಬೇಸಿಗೆಯಲ್ಲಿ ಮೇಲಿನ ಬೆಚ್ಚನೆಯ ನೀರು, ಕೆಳಗಿನ ತಣ್ಣೀರು ಬೆರೆಯುವುದಿಲ್ಲ. ತಳದಲ್ಲಿ ಆಮ್ಲಜನಕ ಖಾಲಿಯಾಗಿ, ಶರತ್ಕಾಲದ ಗಾಳಿಗೆ ಮತ್ತೆ ಕಲಸಿಕೊಳ್ಳುತ್ತದೆ. 1981ರಲ್ಲಿ ಇದು ಐರ್ಲೆಂಡಿನ ಮೊದಲ ಕಡಲ ಮೀಸಲು ಪ್ರದೇಶವಾಯಿತು. ನೋಡಲು ಹೋದರೆ ಆ ಇಕ್ಕಟ್ಟು ಬಾಯಿಯ ಬಳಿ ಈಜಬೇಡಿ. ನೀರು ಓಡುವ ಮನುಷ್ಯನ ವೇಗದಲ್ಲಿ ಹೋಗುತ್ತದೆ.

ಪ್ರಶ್ನೆ: ಏರ್ ಇಂಡಿಯಾ ಕನಿಷ್ಕ ವಿಮಾನ ಬಿದ್ದದ್ದು ಆ ಭಾಗದಲ್ಲೇ ಅಲ್ಲವೇ? (ಶಿವಮೊಗ್ಗದಿಂದ)

ಉತ್ತರ: ಹೌದು, ಈ ತೀರದಿಂದ ಸುಮಾರು 190 ಕಿಲೊಮೀಟರ್ ದೂರದ ಕಡಲಲ್ಲಿ, 1985ರ ಜೂನ್ 23ರಂದು. ಬಾಂಬ್ ಸ್ಫೋಟದಲ್ಲಿ ವಿಮಾನದಲ್ಲಿದ್ದ 329 ಜನರೂ ಸತ್ತರು, ಸಿಕ್ಕಿದ್ದು 131 ಶವಗಳು. ಸ್ಮಾರಕವಿರುವುದು ಬಾಲ್ಟಿಮೋರ್‌ನಲ್ಲಲ್ಲ, ಪಶ್ಚಿಮಕ್ಕಿರುವ ಅಹಕಿಸ್ತಾ ಎಂಬ ಇನ್ನೂ ಚಿಕ್ಕ ಹಳ್ಳಿಯಲ್ಲಿ. ಕಾರಿನಲ್ಲಿ ಒಂದು ಗಂಟೆಯ ದಾರಿ. ಕಡಲಿಗೆ ಮುಖ ಮಾಡಿದ ನೆರಳು ಗಡಿಯಾರ, ಹಿಂದೆ ಹೆಸರುಗಳನ್ನು ಕೆತ್ತಿದ ಗೋಡೆ. 1986ರಿಂದ ಪ್ರತಿ ಜೂನ್ 23ರ ಬೆಳಿಗ್ಗೆ ಅಲ್ಲಿ ಸ್ಮರಣೆ ನಡೆಯುತ್ತದೆ, ಹಳ್ಳಿಯವರೂ ಬಂದು ನಿಲ್ಲುತ್ತಾರೆ.

ಪ್ರಶ್ನೆ: ಡಬ್ಲಿನ್‌ನಲ್ಲಿದ್ದೇವೆ. ಊರಿನಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ, ಇಬ್ಬರೂ ಶುದ್ಧ ಸಸ್ಯಾಹಾರಿಗಳು. ಕರೆದುಕೊಂಡು ಹೋಗಬಹುದೇ? ವೀಸಾ ವಿಚಾರವನ್ನೂ ತಿಳಿಸಿ. (ಡಬ್ಲಿನ್‌ನಿಂದ)

ಉತ್ತರ: ಧಾರಾಳವಾಗಿ. ಮೊದಲು ವೀಸಾ: ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾದಲ್ಲಿ ಐರ್ಲೆಂಡಿಗೆ ಪ್ರವೇಶವಿಲ್ಲ. ಪ್ಯಾರಿಸ್ ನೋಡಿಕೊಂಡು ಹಾಗೇ ಡಬ್ಲಿನ್‌ಗೆ ಬರುತ್ತೇವೆ ಎಂದು ಟಿಕೆಟ್ ಮಾಡಿಸಿ ವಿಮಾನ ನಿಲ್ದಾಣದಲ್ಲೇ ನಿಲ್ಲುವವರು ಇದ್ದಾರೆ. ಭಾರತೀಯರಿಗೆ ಐರ್ಲೆಂಡ್ ಮತ್ತು ಬ್ರಿಟನ್ ಎರಡಕ್ಕೂ ಒಂದೇ ವೀಸಾ ನಡೆಯುವ ವ್ಯವಸ್ಥೆಯೊಂದಿದೆ. ವೀಸಾದ ಮೇಲೆ ಅದರ ಗುರುತು ಇರಬೇಕು, ಕೊಟ್ಟ ದೇಶಕ್ಕೆ ಮೊದಲು ಹೋಗಬೇಕು. ಟಿಕೆಟ್ ಕೊಳ್ಳುವ ಮುನ್ನ ಈಗಿನ ನಿಯಮ ನೋಡಿಕೊಳ್ಳಿ.

ಡಬ್ಲಿನ್‌ನಿಂದ ಕಾರ್ಕ್‌ಗೆ ರೈಲು, ಅಲ್ಲಿಂದ 237ನೇ ನಂಬರಿನ ಬಸ್ಸು ಸುಮಾರು ಎರಡು ಗಂಟೆಯಲ್ಲಿ ಸ್ಕಿಬರೀನ್ ಮುಟ್ಟಿಸುತ್ತದೆ. ಉಳಿದ 13 ಕಿಲೊಮೀಟರಿಗೆ ಬಸ್ಸು ವಿರಳ, ಹಿರಿಯರಿದ್ದರೆ ಟ್ಯಾಕ್ಸಿಯೇ ವಾಸಿ. ಎರಡು ರಾತ್ರಿ ಉಳಿಯಿರಿ. ಒಂದೇ ದಿನ ಇಟ್ಟುಕೊಂಡರೆ ಅದೇ ದಿನ ನೈಋತ್ಯದ ಗಾಳಿ ಎದ್ದು ಫೆರಿ ನಿಲ್ಲುವ ಸಾಧ್ಯತೆ ಉಂಟು. ಶೆರ್ಕಿನ್‌ಗೆ ಹತ್ತು ನಿಮಿಷ, ಕೊಲ್ಲಿಯೊಳಗಿನ ಪಯಣವಾದ್ದರಿಂದ ಹೊಟ್ಟೆ ತೊಳಸುವುದು ಕಡಿಮೆ. ಕೇಪ್ ಕ್ಲಿಯರ್‌ಗೆ ಮುಕ್ಕಾಲು ಗಂಟೆ, ತೆರೆದ ಕಡಲಿಗೆ ಬಂದ ಕೂಡಲೇ ಕುಲುಕಾಟ ಶುರು. ವಾಂತಿ ಮಾತ್ರೆಯನ್ನು ಹತ್ತುವ ಅರ್ಧ ಗಂಟೆ ಮುಂಚೆ ಕೊಡಿ, ಹತ್ತಿದ ಮೇಲೆ ಕೊಟ್ಟು ಪ್ರಯೋಜನವಿಲ್ಲ. ದೋಣಿಯ ಹಿಂಭಾಗದ ನಡುವಿನ ಸೀಟು ಹಿಡಿಯಿರಿ. ಧಕ್ಕೆಯ ಮೆಟ್ಟಿಲುಗಳು ಇಳಿತದ ಹೊತ್ತಿಗೆ ಪಾಚಿ ಹಿಡಿದಿರುತ್ತವೆ, ಮಂಡಿ ನೋವಿರುವವರಿಗೆ ಉಬ್ಬರದ ಹೊತ್ತಿನ ಫೆರಿ ಅನುಕೂಲ. ಜೂನ್‌ನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ, ಆದರೆ ಸ್ವೆಟರ್ ಬಿಡಬೇಡಿ.

ಊಟ: ಊರು ಹೆಸರಾದದ್ದು ಏಡಿ ಸ್ಯಾಂಡ್‌ವಿಚ್‌ಗೆ, ಅದರಿಂದ ನಿಮಗೆ ಉಪಯೋಗವಿಲ್ಲ. ತರಕಾರಿ ಸೂಪ್ ಎಂದು ಬರೆದಿದ್ದರೂ ಕೋಳಿಯ ಸ್ಟಾಕ್ ಹಾಕಿದ್ದಾರೆಯೇ ಎಂದು ಕೇಳಿಯೇ ತರಿಸಿ. ಕಂದು ಬ್ರೆಡ್, ಬೆಣ್ಣೆ, ಆಲೂಗಡ್ಡೆ ಎಲ್ಲ ಕಡೆಯೂ ಸಿಗುತ್ತವೆ. ಪಬ್‌ಗಳ ಅಡುಗೆಮನೆ ರಾತ್ರಿ ಒಂಬತ್ತರೊಳಗೆ ಮುಚ್ಚುತ್ತದೆ. ಅಡುಗೆ ಸೌಲಭ್ಯವಿರುವ ಮನೆಯನ್ನೇ ಬಾಡಿಗೆಗೆ ಹಿಡಿದು, ಸಾಮಾನನ್ನು ಸ್ಕಿಬರೀನ್‌ನ ಸೂಪರ್‌ಮಾರ್ಕೆಟ್‌ನಲ್ಲೇ ಕೊಂಡುಕೊಳ್ಳಿ. ಸಾರಿನಪುಡಿ ಮಾತ್ರ ಡಬ್ಲಿನ್‌ನಿಂದಲೇ ಒಯ್ಯಿರಿ.